ಅರ್ಧಕ್ಕೆ ನಿಂತ ನಮ್ಮ ಮನೆಗಳ ಮಾತು ಸದನಕ್ಕೆ ಹೋಗುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ಘೋಷಿತ ಕೊಳಗೇರಿ. ಮನೆ ಮಂಜೂರಾಗಿದೆ ಎಂದು ಹಳೆಯ ಗುಡಿಸಲು ಕೆಡವಿಸಿದರು, ನಮ್ಮ ವಂತಿಗೆಯನ್ನೂ ಕಟ್ಟಿಸಿಕೊಂಡರು. ಪಿಲ್ಲರ್ ಎದ್ದಿವೆ, ಆಮೇಲೆ ಕೆಲಸ ನಿಂತಿದೆ. ಅಧಿವೇಶನ ನಡೆಯುವಾಗ ಧರಣಿ ಕೂತರೆ ಪ್ರಯೋಜನವಿದೆಯೇ? ಬೇರೆ ದಾರಿ ಇದೆಯೇ?

ಧರಣಿಯಿಂದ ಪ್ರಯೋಜನ ಇದೆ. ಆದರೆ ಅಲ್ಲಿಂದ ಶುರು ಮಾಡಬೇಡಿ. ನಿಮಗೆ ಬೇಕಿರುವುದು ಸಚಿವರ ಬಾಯಿಂದ, ಸದನದ ಕಡತದಲ್ಲಿ, ನಿಮ್ಮ ಕೊಳಗೇರಿಯ ಹೆಸರು ಮತ್ತು ಒಂದು ದಿನಾಂಕ. ಅದನ್ನು ತರುವುದು ಶಾಸಕರು ಕೇಳುವ ಲಿಖಿತ ಪ್ರಶ್ನೆ.

ಕಚೇರಿಗಳಲ್ಲಿ ಇದಕ್ಕೆ ‘ಎಲ್‌ಎಕ್ಯೂ’ ಅನ್ನುತ್ತಾರೆ. ನೀವು ಕೊಟ್ಟ ಮನವಿ ವರ್ಷಗಟ್ಟಲೆ ಟೇಬಲ್ಲಿನ ಮೇಲೆ ಇದ್ದೀತು. ‘ಎಲ್‌ಎಕ್ಯೂ ಬಂದಿದೆ’ ಅಂದರೆ ಮಾತ್ರ ಕೆಳಗಿನ ಎಂಜಿನಿಯರ್‌ವರೆಗೆ ಮಾಹಿತಿ ಕೇಳಿ ಫೋನ್ ಹೋಗುತ್ತದೆ, ಗಡುವಿನೊಳಗೆ ಉತ್ತರ ಸಿದ್ಧವಾಗಬೇಕು. ಎಷ್ಟೋ ಕಡೆ ನಿಂತ ಕಾಮಗಾರಿಯ ಜಾಗಕ್ಕೆ ಅಧಿಕಾರಿ ಮತ್ತೆ ಕಾಲಿಡುವುದು ಆ ಉತ್ತರ ಬರೆಯುವ ಸಲುವಾಗಿಯೇ.

ಕೆಲಸ ಎರಡು ತಿಂಗಳು ಮೊದಲೇ ಶುರುವಾಗಬೇಕು. ಮೊದಲು ಕೊಳಗೇರಿ ಅಭಿವೃದ್ಧಿ ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಕ್ಕುಪತ್ರ, ಚರಂಡಿ, ಮನೆ ಎಲ್ಲವನ್ನೂ ಒಂದಕ್ಕೇ ತುರುಕಿದರೆ ಅದೇ ನೆಪದಲ್ಲಿ ಅರ್ಜಿ ವಾಪಸ್ ಬರುತ್ತದೆ. ಮನೆಯ ವಿಷಯವಷ್ಟೇ ಕೇಳಿ: ಮಂಜೂರಾತಿ ಆದೇಶ, ಗುತ್ತಿಗೆದಾರರ ಜೊತೆಗಿನ ಕರಾರು, ಕೆಲಸ ಮುಗಿಯಬೇಕಿದ್ದ ದಿನಾಂಕ, ಫಲಾನುಭವಿಗಳ ಪಟ್ಟಿ, ಇದುವರೆಗೆ ಪಾವತಿಯಾದ ಬಿಲ್ಲುಗಳ ಪ್ರತಿ.

ಬಿಲ್ಲುಗಳೇ ಮುಖ್ಯ. ಪಿಲ್ಲರ್ ಮಾತ್ರ ಎದ್ದಿದ್ದು ಬಿಲ್ ಮಾತ್ರ ಚಾವಣಿಯವರೆಗೆ ಪಾವತಿಯಾಗಿದ್ದರೆ ಅದು ತನಿಖೆಯ ವಿಷಯ. ಬಿಲ್ಲೇ ಪಾವತಿಯಾಗಿಲ್ಲ ಎಂದಾದರೆ ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗದಲ್ಲಿ, ಇಂಥ ಮನೆಗೆ ಕೇಂದ್ರದ ಪಾಲು 1.5 ಲಕ್ಷ ರೂಪಾಯಿ. ಅದು 40, 40, 20 ಶೇಕಡಾದ ಮೂರು ಕಂತುಗಳಲ್ಲಿ ಬರುತ್ತದೆ. ಹಿಂದಿನ ಕಂತು ಖರ್ಚಾದ ಪ್ರಮಾಣಪತ್ರ ಹೋಗದೆ ಮುಂದಿನದು ಬರುವುದಿಲ್ಲ. ಉಳಿದದ್ದು ರಾಜ್ಯದ ಪಾಲು ಮತ್ತು ನಿಮ್ಮ ವಂತಿಗೆ. ಬ್ಯಾಂಕ್ ಸಾಲ ಸಿಗದೆ ಅರ್ಧ ಜನರ ವಂತಿಗೆ ನಿಂತರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಕಂತು ನಿಲ್ಲುತ್ತದೆ. ಗಂಟು ಎಲ್ಲಿ ಬಿದ್ದಿದೆ ಎಂದು ತಿಳಿಯದೆ ಕೇಳಿದ ಪ್ರಶ್ನೆಗೆ ಹಾರಿಕೆಯ ಉತ್ತರವೇ ಗತಿ.

ಜೊತೆಗೆ ನಿಮ್ಮದೇ ಒಂದು ಪಟ್ಟಿ ಮಾಡಿ. ಪ್ರತಿ ಮನೆಯವರ ಹೆಸರು, ಕಟ್ಟಿದ ಮೊತ್ತ, ರಸೀದಿ ಸಂಖ್ಯೆ, ಗುಡಿಸಲು ಕೆಡವಿದ ದಿನ, ಈಗ ಎಲ್ಲಿದ್ದಾರೆ, ತಿಂಗಳ ಬಾಡಿಗೆ ಎಷ್ಟು. ಬಾಡಿಗೆಯ ಕಾಲಂ ಬಿಡಲೇಬೇಡಿ. ವಿಳಂಬದ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ತೋರಿಸುವುದು ಅದೊಂದೇ.

ಈಗ ಪ್ರಶ್ನೆ. ಸದನದ ಪ್ರಶ್ನೆಗಳಿಗೆ ಒಂದು ರೂಢಿಯ ಮಾತಿದೆ: ‘ಅಪೂರ್ಣ ಮನೆಗಳಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಹೀಗೆ ಕೇಳಿದರೆ ‘ಬಂದಿದೆ. ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು’ ಎಂದು ಎರಡು ಸಾಲಿನಲ್ಲಿ ಮುಗಿಸಬಹುದು. ಅದರ ಬದಲು ಹೀಗೆ ಬರೆದುಕೊಡಿ:

(ಅ) ಇಂಥ ಕೊಳಗೇರಿಯಲ್ಲಿ ಮಂಜೂರಾದ ಮನೆಗಳೆಷ್ಟು, ಕರಾರಿನಂತೆ ಮುಗಿಯಬೇಕಿದ್ದ ದಿನಾಂಕ ಯಾವುದು;
(ಆ) ಕೇಂದ್ರ, ರಾಜ್ಯ ಮತ್ತು ಫಲಾನುಭವಿಗಳ ಪಾಲಿನಲ್ಲಿ ಪ್ರತ್ಯೇಕವಾಗಿ ಬಿಡುಗಡೆಯಾದ ಹಾಗೂ ಬಾಕಿ ಇರುವ ಮೊತ್ತವೆಷ್ಟು;
(ಇ) ಮನೆಗಳನ್ನು ಯಾವ ದಿನಾಂಕದೊಳಗೆ ಹಸ್ತಾಂತರಿಸಲಾಗುವುದು?

ಇದನ್ನು, ಒಂದೇ ಪುಟದ ಟಿಪ್ಪಣಿ ಮತ್ತು ಆದೇಶದ ಪ್ರತಿಯೊಂದಿಗೆ, ಶಾಸಕರ ಆಪ್ತ ಸಹಾಯಕರ ಕೈಗೆ ಕೊಡಿ. ಹೆಚ್ಚಿನ ಕಡೆ ಪ್ರಶ್ನೆಗಳನ್ನು ಟೈಪ್ ಮಾಡಿಸಿ ವಿಧಾನಸಭೆಯ ಸಚಿವಾಲಯಕ್ಕೆ ಮುಟ್ಟಿಸುವವರು ಅವರೇ. ಅಧಿವೇಶನದ ದಿನಾಂಕ ಪ್ರಕಟವಾದ ಆ ವಾರದಲ್ಲೇ ಹೋಗಬೇಕು. ಸದನ ಶುರುವಾದ ಮೇಲೆ ಹೋದರೆ ಪ್ರಶ್ನೆಯ ಗಡುವು ದಾಟಿರುತ್ತದೆ. ಯಾವ ಇಲಾಖೆಗೆ ಯಾವ ದಿನ ಎಂಬುದೂ ಮೊದಲೇ ನಿಗದಿಯಾಗಿರುತ್ತದೆ. ಕೊಳಗೇರಿ ಮಂಡಳಿ ಬರುವುದು ವಸತಿ ಇಲಾಖೆಯ ಕೆಳಗೆ. ನಗರಾಭಿವೃದ್ಧಿ ಸಚಿವರಿಗೆ ಎಂದು ಬರೆದರೆ ಪ್ರಶ್ನೆ ಇಲಾಖೆಯಿಂದ ಇಲಾಖೆಗೆ ವರ್ಗವಾಗುವಷ್ಟರಲ್ಲಿ ಅಧಿವೇಶನ ಮುಗಿದಿರುತ್ತದೆ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವಿದೆ. ಆದರೆ ಆ ಪಟ್ಟಿಗೆ ಸೇರುವ ಪ್ರಶ್ನೆಗಳು ಕೆಲವೇ. ಚುಕ್ಕೆ ಇಲ್ಲದ ಪ್ರಶ್ನೆಯಾದರೂ ಬೇಸರ ಬೇಡ: ಅಂಕಿ-ಅಂಶದ ಅನುಬಂಧ ಸಮೇತ ಲಿಖಿತ ಉತ್ತರ ಬರುತ್ತದೆ, ನಿಮಗೆ ಬೇಕಾದದ್ದು ಅದೇ. ಆಡಳಿತ ಪಕ್ಷದ ಶಾಸಕರು ಮುಜುಗರಕ್ಕೆ ಹಿಂಜರಿದಾಗ ಈ ದಾರಿಗೆ ಬೇಗ ಒಪ್ಪುತ್ತಾರೆ. ಅವರು ಒಪ್ಪದಿದ್ದರೆ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ ನಿಮ್ಮ ಭಾಗದ ಪದವೀಧರ, ಶಿಕ್ಷಕ ಅಥವಾ ಸ್ಥಳೀಯ ಸಂಸ್ಥೆಗಳ ಕ್ಷೇತ್ರದವರನ್ನು ಹಿಡಿಯಿರಿ. ಆದರೆ ನಿಮ್ಮ ಶಾಸಕರಿಗೆ ಮೊದಲೇ ಹೇಳಿ ಹೋಗಿ. ‘ನನ್ನನ್ನು ಬಿಟ್ಟು ಹೋದರು’ ಎಂಬ ಸಿಟ್ಟು ನಾಳೆ ಫಲಾನುಭವಿ ಪಟ್ಟಿಯ ಮೇಲೆ ತಿರುಗಬಾರದು.

ಗಡುವು ತಪ್ಪಿದ್ದರೆ ವಿಧಾನಸಭೆಯಲ್ಲಿ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ, ಸಚಿವರು ಅದಕ್ಕೆ ಹೇಳಿಕೆ ಕೊಡುತ್ತಾರೆ. ಶೂನ್ಯವೇಳೆಯಲ್ಲೂ ಎತ್ತಬಹುದು, ಆದರೆ ಅಲ್ಲೇ ಉತ್ತರ ಸಿಗುವ ಖಾತ್ರಿಯಿಲ್ಲ.

ಇನ್ನು ಧರಣಿ. ವಸತಿ ಇಲಾಖೆಯ ಪ್ರಶ್ನೆಗಳಿರುವ ದಿನವೇ ಕೂರಿ. ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್ ಬಿಟ್ಟು ಬೇರೆಡೆ ಬಿಡುವುದಿಲ್ಲ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧದ ಹತ್ತಿರ ಗೊತ್ತುಮಾಡಿದ ಜಾಗಕ್ಕೆ ಪೊಲೀಸರ ಅನುಮತಿ ಮೊದಲೇ ಪಡೆಯಬೇಕು. ಸಚಿವರು ಮನವಿ ತೆಗೆದುಕೊಳ್ಳಲು ಬಂದರೆ ಐದು ನಿಮಿಷವೂ ಸಿಗುವುದಿಲ್ಲ. ಹತ್ತು ಬೇಡಿಕೆ ಓದಬೇಡಿ, ಹಸ್ತಾಂತರದ ದಿನಾಂಕವನ್ನಷ್ಟೇ ಕೇಳಿ.

ಹೆಚ್ಚುವರಿ ಹಣವೇ ಬೇಕೆಂದಾದರೆ ಮಾರ್ಚ್ ತಿಂಗಳ ಧರಣಿ ತಡವಾಯಿತು. ಬಜೆಟ್ ಮಂಡನೆಯಾಗುವ ಹೊತ್ತಿಗೆ ಇಲಾಖೆಯ ಅಂದಾಜುಗಳು ಸಿದ್ಧವಾಗಿರುತ್ತವೆ. ಆ ಬೇಡಿಕೆ ಚಳಿಗಾಲದ ಅಧಿವೇಶನದ ಹೊತ್ತಿಗೇ ಇಲಾಖೆ ತಲುಪಬೇಕು.

ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಶಾಸಕರಿಂದ ಅಥವಾ ವಿಧಾನಮಂಡಲದ ಜಾಲತಾಣದಿಂದ ತೆಗೆದಿಟ್ಟುಕೊಳ್ಳಿ. ‘ಇಷ್ಟು ತಿಂಗಳೊಳಗೆ ಪೂರ್ಣಗೊಳಿಸಲಾಗುವುದು’ ಎಂದು ಸಚಿವರು ಹೇಳಿದ್ದರೆ ಅದು ಸದನಕ್ಕೆ ಕೊಟ್ಟ ಭರವಸೆ. ಅಂಥವು ಈಡೇರಿದವೇ ಎಂದು ನೋಡಲೆಂದೇ ಶಾಸಕರ ಒಂದು ಸಮಿತಿ, ಸರ್ಕಾರಿ ಭರವಸೆಗಳ ಸಮಿತಿ, ಇದೆ. ಗಡುವು ದಾಟಿದ ಮರುದಿನವೇ ಆ ಪುಟದ ಪ್ರತಿ, ಅದೇ ದಿನ ತೆಗೆದ ಪಿಲ್ಲರ್‌ಗಳ ಫೋಟೊ ಮತ್ತು ಬಾಡಿಗೆಯ ಪಟ್ಟಿ ಸೇರಿಸಿ ಆ ಸಮಿತಿಯ ಅಧ್ಯಕ್ಷರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೂ ಕೊಡಿ.