ಜೀವವಿಕಾಸಕ್ಕೆ ಸಾಕ್ಷಿ ಎಲ್ಲಿದೆ? ಕುರಿಯ ಹರಡಿನಲ್ಲಿ, ಹತ್ತಿಯ ಕಾಯಲ್ಲಿ

ಜೀವವಿಕಾಸ ಅಂದರೆ ಇಷ್ಟೇ: ಒಂದು ಜಾತಿಯ ಜೀವಿಗಳಲ್ಲಿ ಹುಟ್ಟಿನಿಂದ ಬರುವ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಹೋಗುವುದು. ಬದಲಾಗುವುದು ಇಡೀ ಗುಂಪು, ಒಂಟಿ ಪ್ರಾಣಿಯಲ್ಲ. ಯಾವ ಮಂಗವೂ ಒಂದು ಬೆಳಿಗ್ಗೆ ಎದ್ದು ಮನುಷ್ಯನಾಗಲಿಲ್ಲ, ಹಾಗಂತ ಯಾವ ವಿಜ್ಞಾನಿಯೂ ಹೇಳಿಲ್ಲ. ಈ ಬದಲಾವಣೆ ಮುಖ್ಯವಾಗಿ ಹೇಗೆ ಆಗುತ್ತದೆ ಅನ್ನುವುದನ್ನು ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ವಾಲೇಸ್ 1858ರಲ್ಲಿ ಜನರ ಮುಂದಿಟ್ಟರು. ಇರುವ ಪರಿಸ್ಥಿತಿಯಲ್ಲಿ ಉಳಿದು ಮರಿ ಮಾಡಿದವುಗಳ ಗುಣವೇ ಮುಂದಿನ ತಲೆಮಾರಿನಲ್ಲಿ ಜಾಸ್ತಿಯಾಗುತ್ತದೆ. ಇದಕ್ಕೆ ನೈಸರ್ಗಿಕ ಆಯ್ಕೆ ಅಂತ ಹೆಸರು.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಈಚೆಗೆ ಈ ಭಾಗವನ್ನು ತೆಗೆದರು. ಅದು ನನಗೆ ನಿಜಕ್ಕೂ ನೋವಿನ ವಿಷಯ. ಯಾಕಂದರೆ "ಇದನ್ನೆಲ್ಲ ಕಂಡವರು ಯಾರು?" ಅಂತ ಮಕ್ಕಳು ಕೇಳುವ ವಯಸ್ಸು ಅದೇ. ಅದು ಕೇಳಲೇಬೇಕಾದ ಪ್ರಶ್ನೆ. ಉತ್ತರವೂ ನಮ್ಮ ಸುತ್ತಲೇ ಇದೆ.

ಚಳ್ಳಕೆರೆ ಕಡೆ ಕುರಿಗೆ ಬರವಿಲ್ಲ. ಕುರಿಯ ಹಿಂಗಾಲು ನೋಡಿ. ಮೊಣಕಾಲು ಹಿಂದಕ್ಕೆ ಬಾಗಿದೆ ಅನ್ನಿಸುವ ಜಾಗ ಇದೆಯಲ್ಲ, ಅದು ಮೊಣಕಾಲಲ್ಲ, ಹರಡು, ಅಂದರೆ ಪಾದದ ಮೇಲಿನ ಕೀಲು. ಮಟನ್ ಅಂಗಡಿಯಲ್ಲಿ ಆ ಕೀಲು ಸಮೇತ ಕಾಲು ಕೇಳಿ ತನ್ನಿ. ಚೆನ್ನಾಗಿ ಬೇಯಿಸಿ ಮಾಂಸ ಬಿಡಿಸಿದರೆ ಒಳಗಿಂದ ಸುಮಾರು ಒಂದು ಇಂಚಿನ ಗಟ್ಟಿ ಮೂಳೆ ಸಿಗುತ್ತದೆ. ಅದರ ಮೇಲ್ತುದಿಯಲ್ಲಿ ಬಾವಿಯ ರಾಟೆಗೆ ಇರುವಂಥ ತಗ್ಗು. ತಿರುಗಿಸಿ ನೋಡಿ, ಕೆಳತುದಿಯಲ್ಲೂ ಅಂಥದ್ದೇ ತಗ್ಗು. ಹಸು, ಮೇಕೆ, ಹಂದಿ, ಒಂಟೆ, ಜಿಂಕೆ, ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿರುವ ಕೊಂಡುಕುರಿ, ಎಲ್ಲಕ್ಕೂ ಹೀಗೇ. ಕುದುರೆಗೆ ಇಲ್ಲ. ಅದರದ್ದು ಮೇಲೊಂದೇ ತಗ್ಗು, ಕೆಳಗೆ ಚಪ್ಪಟೆ. ನಾಯಿಗೂ ಇಲ್ಲ, ನಮಗೂ ಇಲ್ಲ. ಗೊರಸು ಸಮಸಂಖ್ಯೆಯಲ್ಲಿರುವ ಈ ಬಳಗದ ಗುರುತೇ ಈ ಮೂಳೆ.

ಈಗ ತಿಮಿಂಗಿಲಕ್ಕೆ ಬರೋಣ. ಅದು ಮೀನಲ್ಲ. ಗಾಳಿ ಉಸಿರಾಡುತ್ತದೆ, ಮರಿಗೆ ಹಾಲು ಕೊಡುತ್ತದೆ. ಹಿಂಗಾಲಿಲ್ಲ, ಆದರೆ ಮೈಯೊಳಗೆ ಸೊಂಟದ ಮೂಳೆಯ ಸಣ್ಣ ಚೂರುಗಳಿವೆ. ಅಂದಮೇಲೆ ಅದರ ಪೂರ್ವಜರು ನೆಲದ ಮೇಲೆ ನಡೆಯುತ್ತಿದ್ದವರೇ. ಆದರೆ ಯಾರು? ಪಳೆಯುಳಿಕೆ ಓದುವವರು ಹಲ್ಲಿನ ಆಕಾರ ನೋಡಿ, ಗೊರಸಿದ್ದೂ ಮಾಂಸ ತಿನ್ನುತ್ತಿದ್ದ, ಈಗ ಅಳಿದುಹೋಗಿರುವ ಒಂದು ಪ್ರಾಣಿವರ್ಗದ ಕಡೆ ಬೆರಳು ತೋರಿಸಿದ್ದರು. 1990ರ ದಶಕದಲ್ಲಿ ಡಿಎನ್‌ಎ ಓದಿದವರು ಬೇರೆಯೇ ಮಾತು ಹೇಳಿದರು: ಈಗ ಬದುಕಿರುವವರಲ್ಲಿ ತಿಮಿಂಗಿಲಕ್ಕೆ ಎಲ್ಲರಿಗಿಂತ ಹತ್ತಿರದ ನೆಂಟ ನೀರಾನೆ. ಡಿಎನ್‌ಎಯಲ್ಲಿ ಕೆಲವು ತುಣುಕುಗಳು ತಮ್ಮ ನಕಲು ಮಾಡಿಕೊಂಡು ಎಲ್ಲೋ ಒಂದು ಕಡೆ ಹೋಗಿ ಸೇರಿಕೊಳ್ಳುತ್ತವೆ. ನೀರಾನೆ ಮತ್ತು ತಿಮಿಂಗಿಲ ಎರಡರಲ್ಲೂ ಅಂಥ ತುಣುಕುಗಳು ಅದದೇ ಜಾಗದಲ್ಲಿ ಕೂತಿದ್ದವು. ಅಷ್ಟು ಉದ್ದದ ಡಿಎನ್‌ಎಯಲ್ಲಿ ಇದು ಆಕಸ್ಮಿಕವಾಗಿ ಮತ್ತೆ ಮತ್ತೆ ಆಗುವ ಮಾತಲ್ಲ.

ನೀರಾನೆಯೂ ಕುರಿಯ ಬಳಗದ್ದೇ. ಹಾಗಿದ್ದರೆ ಕಾಲಿದ್ದ ಹಳೆಯ ತಿಮಿಂಗಿಲಕ್ಕೂ ಎರಡು ತಗ್ಗಿನ ಹರಡಿನ ಮೂಳೆ ಇರಲೇಬೇಕು. ಇಲ್ಲದಿದ್ದರೆ ಡಿಎನ್‌ಎಯವರ ಲೆಕ್ಕ ತಪ್ಪು. 2001ರಲ್ಲಿ ಎರಡು ತಂಡಗಳು, ಒಂದಕ್ಕೊಂದು ಸಂಬಂಧವಿಲ್ಲದೆ, ಪಾಕಿಸ್ತಾನದ ಬಂಡೆಗಳಿಂದ ಸುಮಾರು ಐದು ಕೋಟಿ ವರ್ಷದ ಹಿಂದಿನ ತಿಮಿಂಗಿಲಗಳ ಆ ಮೂಳೆಯನ್ನೇ ಹೊರತೆಗೆದವು. ಮೇಲೂ ತಗ್ಗು, ಕೆಳಗೂ ತಗ್ಗು. ಮೊದಲು ಒಪ್ಪದಿದ್ದವರೇ ಮೂಳೆ ನೋಡಿ ಒಪ್ಪಿಕೊಂಡರು. ವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಗಳಿಗೆ ಇದು.

ಇನ್ನೊಂದು ಕೊಂಡಿ ಸಿಕ್ಕಿದ್ದು ನಮ್ಮ ದೇಶದಲ್ಲೇ. ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಸೀಮೆಯ ಕಾಲಾಕೋಟದ ಹತ್ತಿರ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಕೂಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಹ್ಯಾನ್ಸ್ ಥೀವಿಸೆನ್ ಎಂಬ ಸಂಶೋಧಕರಿಗೆ ಕೊಟ್ಟರು. ಕಲ್ಲು ಬಿಡಿಸುವಾಗ ಒಂದು ತಲೆಬುರುಡೆ ಆಕಸ್ಮಿಕವಾಗಿ ಒಡೆಯಿತು. ಒಳಗೆ ಕಂಡ ಕಿವಿಯ ಮೂಳೆ ದಪ್ಪಗೆ, ತಿಮಿಂಗಿಲದ್ದರ ಹಾಗೇ ಇತ್ತು. ಇಂಡೋಹಯಸ್ ಎಂಬ ಆ ಪ್ರಾಣಿ ಸುಮಾರು 4.8 ಕೋಟಿ ವರ್ಷದ ಹಿಂದಿನದು. ಸಣ್ಣ ಜಿಂಕೆಯಂಥ ಮೈ, ಬೆಕ್ಕಿನಷ್ಟು ಗಾತ್ರ. ಇದು ತಿಮಿಂಗಿಲದ ಅಜ್ಜ ಅಲ್ಲ, ದಾಯಾದಿ. 2007ರಲ್ಲಿ ಇದು ಪ್ರಕಟವಾಯಿತು.

ಡಿಎನ್‌ಎಯಲ್ಲಿ ಕೆಟ್ಟುಹೋದದ್ದೂ ಸಾಕ್ಷಿ ಹೇಳುತ್ತದೆ. ಕುರಿ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ನಮಗೆ ಆಗುವುದಿಲ್ಲ. ಮಾಡುವ ಜೀನ್ ನಮ್ಮಲ್ಲೂ ಇದೆ, ಆದರೆ ಮುರಿದುಬಿದ್ದಿದೆ. ಚಿಂಪಾಂಜಿಯಲ್ಲೂ ಮುರಿದಿದೆ, ನಮ್ಮಂತೆಯೇ. ಗಿನಿಯಿಲಿಯಲ್ಲೂ ಮುರಿದಿದೆ, ಆದರೆ ಬೇರೆ ರೀತಿಯಲ್ಲಿ. ನಮಗೂ ಚಿಂಪಾಂಜಿಗೂ ಆ ಮುರಿತ ಒಬ್ಬನೇ ಪೂರ್ವಜನಿಂದ ಬಂದದ್ದು, ಗಿನಿಯಿಲಿಯದ್ದು ಬೇರೆಯಾಗಿ ಆದದ್ದು.

ಕಲ್ಲಿನ ಮಾತು ಬಂತು. ಚಿತ್ರದುರ್ಗದ ಕೋಟೆಯ ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಬೇಡಿ. ಅದು ಭೂಮಿಯ ಒಳಗೆ ಕರಗಿ ಆರಿದ ಕಲ್ಲು. ಆದರೆ ಜಿಲ್ಲೆಯ ಹಳೆಯ ಸುಣ್ಣಕಲ್ಲಿನ ಪಟ್ಟಿಗಳಲ್ಲಿ ಪದರ ಪದರವಾದ ಸ್ಟ್ರೊಮಟೊಲೈಟ್ ಸಿಕ್ಕಿವೆ. ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಬಿಟ್ಟುಹೋದ ಗುರುತು ಅವು. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಅಷ್ಟು ಹಳೆಯ ಕಲ್ಲಿನಲ್ಲಿ ಮೀನಿಲ್ಲ, ಹಲ್ಲಿಯಿಲ್ಲ, ಇಲಿಯಿಲ್ಲ. ಇಲ್ಲಿ ಮಾತ್ರ ಅಲ್ಲ, ಜಗತ್ತಿನ ಎಲ್ಲೂ ಇಲ್ಲ. ಅಲ್ಲಿ ಒಂದು ಮೊಲದ ಮೂಳೆ ಸಿಕ್ಕರೂ ಜೀವವಿಕಾಸದ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಹುಡುಕುವವರು ಹುಡುಕುತ್ತಲೇ ಇದ್ದಾರೆ, ಈವರೆಗೆ ಸಿಕ್ಕಿಲ್ಲ.

ಇದೆಲ್ಲ ಕೋಟಿ ವರ್ಷದ ಕಥೆ, ನಮ್ಮ ಕಾಲದಲ್ಲೇ ನಡೆದದ್ದು ತೋರಿಸಿ ಅಂದರೆ ಹತ್ತಿ ಹೊಲಕ್ಕೆ ಹೋಗಬೇಕು. ಮಿಲ್ಲುಗಳ ಊರಾಗಿದ್ದ ದಾವಣಗೆರೆಯ ಸುತ್ತ ಈಗ ಮೆಕ್ಕೆಜೋಳವೇ ಜಾಸ್ತಿ, ಆದರೂ ಹತ್ತಿ ಹಾಕಿದವರಿಗೆಲ್ಲ ಗುಲಾಬಿ ಕಾಯಿಕೊರಕ ಗೊತ್ತು. ಹೊರಗೆ ಚೆನ್ನಾಗಿರುವ ಕಾಯಿ, ಬಿಡಿಸಿದರೆ ಅರಳೆ ಕಂದಿದೆ, ಬೀಜ ಟೊಳ್ಳಾಗಿದೆ, ಒಳಗೆ ಗುಲಾಬಿ ಬಣ್ಣದ ಹುಳು.

ಬಿಟಿ ಹತ್ತಿ ನಮ್ಮ ದೇಶಕ್ಕೆ ಬಂದದ್ದು 2002ರಲ್ಲಿ. ಗಿಡವೇ ಹುಳುವಿಗೆ ವಿಷ ಮಾಡುತ್ತದೆ. ಮೊದಮೊದಲು ಹುಳು ಸತ್ತವು. ಆದರೆ ಲಕ್ಷಾಂತರ ಹುಳುಗಳಲ್ಲಿ ಎಲ್ಲೋ ಕೆಲವಕ್ಕೆ ಹುಟ್ಟಿನಿಂದಲೇ ಜೀನಿನಲ್ಲಿ ಸಣ್ಣ ವ್ಯತ್ಯಾಸ ಇತ್ತು. ವಿಷ ಅವುಗಳ ಕರುಳಿಗೆ ಸರಿಯಾಗಿ ಅಂಟಲಿಲ್ಲ. ಉಳಿದವು ಅವೇ, ಸಂತಾನ ಬೆಳೆಸಿದ್ದೂ ಅವೇ. 2010ರ ಹೊತ್ತಿಗೆ ಗುಜರಾತಿನಲ್ಲಿ ಒಂದೇ ಬಗೆಯ ವಿಷ ಮಾಡುವ ಬಿಟಿ ಬೀಜ ಸೋತ ಸುದ್ದಿ ಬಂತು. ಎರಡು ಬಗೆಯ ವಿಷ ಮಾಡುವ ಬೀಜಕ್ಕೂ ಕೆಲವೇ ವರ್ಷಗಳಲ್ಲಿ ಅದೇ ಗತಿಯಾಯಿತು. ಹುಳು ವಿಷಕ್ಕೆ "ಒಗ್ಗಿಕೊಂಡಿತು" ಅನ್ನುತ್ತೇವೆ. ಒಂದೊಂದು ಹುಳುವೂ ಒಗ್ಗಿಕೊಳ್ಳಲಿಲ್ಲ. ವಿಷ ತಾಳದವು ಸತ್ತವು, ಅಷ್ಟೇ.

ಹೀಗಾಗುತ್ತದೆ ಅಂತ ಮೊದಲೇ ಗೊತ್ತಿತ್ತು. ಅದಕ್ಕೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜದ ಪೊಟ್ಟಣ ಇಟ್ಟು, ಹೊಲದ ಅಂಚಿಗೆ ಹಾಕಿ ಅಂತ ಹೇಳಿದ್ದರು. ಆ ಸಾಲುಗಳಲ್ಲಿ ವಿಷಕ್ಕೆ ಸಾಯುವ ಹುಳುಗಳೂ ಉಳಿಯುತ್ತವೆ. ಅವುಗಳ ಪತಂಗ ವಿಷ ತಾಳುವ ಗಟ್ಟಿ ಪತಂಗದ ಜೊತೆ ಕೂಡಿದರೆ ಹುಟ್ಟುವ ಮರಿಗಳು ಮತ್ತೆ ವಿಷಕ್ಕೆ ಬಗ್ಗುತ್ತವೆ. ಅಮೆರಿಕದ ಅರಿಜೋನಾದಲ್ಲಿ ರೈತರು ಹೀಗೆ ಸಾಲು ಬಿಟ್ಟರು, ಅಲ್ಲಿ ಹುಳು ವರ್ಷಗಟ್ಟಲೆ ಗಟ್ಟಿಯಾಗಲಿಲ್ಲ. ನಮ್ಮಲ್ಲಿ ಆ ಪೊಟ್ಟಣ ಬಹಳ ಕಡೆ ಸುಮ್ನೆ ಮೂಲೆ ಸೇರಿತು. ಇಳುವರಿ ಕಡಿಮೆ ಕೊಡುವ ಸಾಲು ಯಾಕೆ ಅಂತ ರೈತನಿಗೆ ಅನ್ನಿಸಿದ್ದು ಸಹಜ. ಯಾಕೆ ಅಂತ ಅವನ ಜೊತೆ ಕೂತು ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಈಗ ಎರಡೂ ಬೀಜ ಒಂದೇ ಚೀಲದಲ್ಲಿ ಬೆರೆಸಿ ಕೊಡುವ ಪದ್ಧತಿ ಬಂದಿದೆ. ಜೊತೆಗೆ, ಡಿಸೆಂಬರ್ ದಾಟಿದ ಮೇಲೆ ಹತ್ತಿ ಗಿಡವನ್ನು ಹೊಲದಲ್ಲಿ ಬಿಡಬೇಡಿ, ಕಟ್ಟಿಗೆ ಕಿತ್ತು ತೆಗೆಯಿರಿ ಅನ್ನುತ್ತಾರೆ ಕೃಷಿ ವಿಜ್ಞಾನಿಗಳು. ಗಿಡ ನಿಂತಷ್ಟು ದಿನವೂ ವಿಷ ತಾಳಿದ ಹುಳುಗಳ ಇನ್ನೊಂದು ತಲೆಮಾರು ಅಲ್ಲೇ ಬೆಳೆದು ಮುಂದಿನ ಮುಂಗಾರಿಗೆ ಕಾದಿರುತ್ತದೆ.