ಬ್ಯಾಂಡ್ ದಪ್ಪ, ಕೆಲಸ ಸೊನ್ನೆ

ಧಾರವಾಡ, ವಿಜಯಪುರದ ಕಡೆಯಿಂದ ಪುಣೆಯ ಲ್ಯಾಬುಗಳಿಗೆ ಪ್ರಾಜೆಕ್ಟಿಗೆಂದು ಬರುವ ಹುಡುಗರದು ಒಂದೇ ರಾಗ: "ಸರ್, ಜೆಲ್‌ನ್ಯಾಗ ಬ್ಯಾಂಡ್ ಮಸ್ತ್ ದಪ್ಪ ಬಂದದ್ರಿ, ಆದ್ರ ಆಕ್ಟಿವಿಟಿನ ಇಲ್ಲ. ಜೀನ್ ಮ್ಯೂಟೇಟ್ ಮಾಡೋಣೇನ್ರಿ?" ಜೆಲ್ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುತ್ತದೆ, ಅದರಲ್ಲಿ ಕಾಣುವ ಗೆರೆಯೇ ಬ್ಯಾಂಡ್. ಅದು ಎಷ್ಟು ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಕೂತಿದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ.

ಪೆನಿಸಿಲಿನ್ ಜಿ ಅಸೈಲೇಸನ್ನೇ ತೆಗೆದುಕೊಳ್ಳಿ. ಪಕ್ಕದ ಪಿಂಪ್ರಿಯಲ್ಲಿ 1954ರಿಂದಲೂ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಇದೆ. ಪೆನಿಸಿಲಿನ್ ಈ ಊರಿಗೆ ಹೊಸದಲ್ಲ. ಪೆನಿಸಿಲಿನ್ ಜಿಯ ಪಕ್ಕದ ಸರಪಳಿ ಕತ್ತರಿಸಿ 6-ಎಪಿಎ ಎಂಬ ಮೂಲವಸ್ತು ಕೊಡುವ ಕಿಣ್ವ ಇದು. ಅದರಿಂದಲೇ ಆಂಪಿಸಿಲಿನ್, ಅಮಾಕ್ಸಿಸಿಲಿನ್.

ಇ. ಕೋಲಿ ಬ್ಯಾಕ್ಟೀರಿಯಾ ಇದನ್ನು ಮೊದಲು ತೊಂಬತ್ತು ಚಿಲ್ಲರೆ ಕಿಲೋಡಾಲ್ಟನ್‌ನ ಒಂದೇ ಸರಪಳಿಯಾಗಿ ಮಾಡುತ್ತದೆ. ಅದು ಒಳಪೊರೆ ದಾಟಿ ಪೆರಿಪ್ಲಾಸಮ್ಮಿಗೆ (ಎರಡು ಪೊರೆಗಳ ನಡುವಿನ ಜಾಗ) ಬಂದು, ತನ್ನನ್ನು ತಾನೇ ಕತ್ತರಿಸಿಕೊಂಡು, ನಡುವಿನ 54 ಅಮೈನೋ ಆಮ್ಲಗಳನ್ನು ಉದುರಿಸಬೇಕು. ಉಳಿಯುವುದು ಸುಮಾರು 24 ಕಿಲೋಡಾಲ್ಟನ್ನಿನ ಆಲ್ಫಾ ತುಂಡು, 62ರ ಬೀಟಾ ತುಂಡು. ಕೆಲಸ ಮಾಡುವ ಸೆರೀನ್ ಬೀಟಾದ ಮೊದಲ ಸ್ಥಾನದಲ್ಲಿದೆ; ಕತ್ತರಿಸದ ಹೊರತು ಅದರ ಅಮೈನೋ ತುದಿ ಬಿಡುಗಡೆಯಾಗದು. ನಿಮ್ಮ ದಪ್ಪ ಬ್ಯಾಂಡ್ ತೊಂಬತ್ತರ ಮೇಲಿದ್ದರೆ ಅದು ಪ್ರಿಕರ್ಸರ್ (ಕತ್ತರಿಸದ ಮೂಲ ಸರಪಳಿ), ಕಿಣ್ವವಲ್ಲ. ಇನ್ನೊಮ್ಮೆ ಹೇಳುತ್ತೇನೆ: 24 ಮತ್ತು 62, ಎರಡೂ ಕಾಣಬೇಕು.

37 ಡಿಗ್ರಿಯಲ್ಲಿ 1 ಮಿಲಿಮೋಲಾರ್ ಐಪಿಟಿಜಿ (ಜೀನ್ ಚಾಲೂ ಮಾಡುವ ರಾಸಾಯನಿಕ) ಸುರಿದರೆ, ಪಾಲಖಿ ಮೆರವಣಿಗೆ ಬಂದ ದಿನದ ಪುಣೆ ರಸ್ತೆಯಂತೆ ಪೊರೆಯ ದಾರಿ ಕಟ್ಟಿಕೊಳ್ಳುತ್ತದೆ. ದಾಟಲಾಗದ ಪ್ರೋಟೀನು ಒಳಗೇ ಗಂಟುಗಟ್ಟುತ್ತದೆ. ಓಡಿ (ಕೋಶ ಎಷ್ಟು ಬೆಳೆದಿವೆ ಎಂದು ತೋರುವ ಮಬ್ಬಿನ ಅಳತೆ) 0.6 ಆದಾಗ ಶೇಕರ್ 22-25 ಡಿಗ್ರಿಗೆ ಇಳಿಸಿ, ಫ್ಲಾಸ್ಕ್ ನಿಜಕ್ಕೂ ತಣ್ಣಗಾದ ಮೇಲೆ 0.1 ಮಿಲಿಮೋಲಾರ್ ಅಥವಾ ಇನ್ನೂ ಕಡಿಮೆ ಹಾಕಿ, ರಾತ್ರಿಯಿಡೀ ಬಿಡಿ. ಈ ಕಿಣ್ವ ಪಕ್ವವಾಗಲು ಕ್ಯಾಲ್ಸಿಯಂ ಬೇಕು. ಎಲ್‌ಬಿ ಮೀಡಿಯಮ್ಮಿಗೆ ಒಂದೆರಡು ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸಾಮಾನ್ಯವಾಗಿ ಸಾಕು. ಫಾಸ್ಫೇಟ್ ಹೆಚ್ಚಿರುವ ಮೀಡಿಯಮ್ಮಿಗೆ ಹಾಕಿದರೆ ತಳಕ್ಕೆ ಬಿಳಿ ಕೂರುತ್ತದೆ, ಅಷ್ಟೇ. ಅಳತೆಗಳು ಸ್ಟ್ರೇನ್ (ಬ್ಯಾಕ್ಟೀರಿಯಾದ ತಳಿ), ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ನೋಡಿ ಬದಲಾಗುತ್ತವೆ. ಸಣ್ಣ ಫ್ಲಾಸ್ಕಿನಲ್ಲಿ ಪರೀಕ್ಷಿಸಿಕೊಳ್ಳಿ.

ಜೆಲ್‌ಗೆ ಇಡೀ ಕೋಶ, ಕರಗಿದ ಭಾಗ, ಪೆಲೆಟ್ (ಕರಗದೆ ತಳಕ್ಕೆ ಕೂತದ್ದು), ಮೂರನ್ನೂ ಓಡಿಸಿ. ಆಕ್ಟಿವಿಟಿಗೆ ಪಿಡಿಎಬಿ ಎಂಬ ಬಣ್ಣ ಬರಿಸುವ ರಾಸಾಯನಿಕ ಹಾಕಿ 415 ನ್ಯಾನೋಮೀಟರಿನಲ್ಲಿ 6-ಎಪಿಎಯ ಹಳದಿ ಅಳೆಯಿರಿ. ಖಾಲಿ ಪ್ಲಾಸ್ಮಿಡ್ಡಿನ ಕಂಟ್ರೋಲ್ ಮರೆಯಬೇಡಿ.

ಇಷ್ಟಾದರೂ ಸೊನ್ನೆ ಬಂದರೆ ಲೈಸಿಸ್ ಬಫರಿನ (ಕೋಶ ಒಡೆಯುವ ದ್ರಾವಣದ) ಪಟ್ಟಿ ತೆಗೆದು ನೋಡಿ. ಪ್ರೋಟಿಯೇಸ್ ತಡೆಯಲೆಂದು ಕಣ್ಣುಮುಚ್ಚಿ ಹಾಕುವ ಪಿಎಂಎಸ್‌ಎಫ್ ಇದೇ ಸೆರೀನಿಗೆ ಅಂಟಿಕೊಂಡು ಕಿಣ್ವವನ್ನೇ ಕೆಡಿಸುತ್ತದೆ. ಅದಿಲ್ಲದೆ, ಮಂಜುಗಡ್ಡೆಯ ಮೇಲಿಟ್ಟು, ಕೋಶಗಳನ್ನು ಬೇಗ ಒಡೆಯಿರಿ.