‘ಅವರಪ್ಪನ ರಕ್ತ’ ಅನ್ನುವ ಮೊದಲು

ಶಿಡ್ಲಘಟ್ಟದ ಪಕ್ಕದ ನಮ್ಮೂರಲ್ಲಿ ಹತ್ತನೇ ಕ್ಲಾಸಿನ ಹುಡುಗನೊಬ್ಬ ಕುಡಿದು ಸಿಕ್ಕಿಬಿದ್ದ. ಅವನ ಅಪ್ಪ ಕುಡಿದು ಕುಡಿದೇ ಸತ್ತವರು. ರೇಷ್ಮೆ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ನಮ್ಮ ದೊಡ್ಡಮ್ಮ ಕೈ ನಿಲ್ಲಿಸದೆ ಅಂದರು: "ರಕ್ತದಲ್ಲೇ ಬಂದಿದೆ ಕಣಪ್ಪಾ, ಯಾರೇನು ಮಾಡೋಕಾಗುತ್ತೆ?" ಸೊಪ್ಪಿನ ಹೊರೆ ಹೊತ್ತು ಹುಡುಗ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಕೇಳಿಸಿತು.

ದೊಡ್ಡಮ್ಮನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕುಡಿಯುವ ಅಪ್ಪ ಮಗನಿಗೆ ಜೀನ್ ಒಂದನ್ನೇ ಕೊಡುವುದಿಲ್ಲ, ಮನೆಯನ್ನೂ ಕೊಡುತ್ತಾನೆ. ಯಾವುದು ಎಷ್ಟು ಅಂತ ಮನುಷ್ಯರಲ್ಲಿ ಬಿಡಿಸುವುದು ಕಷ್ಟ. ಅದಕ್ಕೇ ವಿಜ್ಞಾನಿಗಳು ಇಲಿಗಳ ಹತ್ತಿರ ಹೋದರು.

ಒಡಹುಟ್ಟಿದ ಇಲಿಗಳನ್ನೇ 20 ತಲೆಮಾರು ಕೂಡಿಸುತ್ತಾ ಹೋದರೆ ಆ ತಳಿಯ ಇಲಿಗಳೆಲ್ಲ ಹೆಚ್ಚುಕಡಿಮೆ ತದ್ರೂಪಿ ಅವಳಿಗಳಂತಾಗುತ್ತವೆ. ಪಂಜರಕ್ಕೆ ಎರಡು ಬಾಟಲಿ ಕಟ್ಟುತ್ತಾರೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಆಲ್ಕೋಹಾಲ್ ಬೆರೆಸಿದ ನೀರು. ಬಾಟಲಿಗಳನ್ನು ತೂಗಿ, ಎಷ್ಟು ಕುಡಿಯಿತು ಅಂತ ಬರೆದಿಡುತ್ತಾರೆ. ಆಗಾಗ ಎಡ-ಬಲ ಅದಲುಬದಲು ಮಾಡುತ್ತಾರೆ, ಯಾಕೆಂದರೆ ಕೆಲವು ಇಲಿ ಸುಮ್ನೆ ಒಂದೇ ಕಡೆ ಕುಡಿಯುತ್ತವೆ. 1959ರಲ್ಲಿ ಅಮೆರಿಕದ ಮೆಕ್‌ಕ್ಲರ್ನ್ ಮತ್ತು ರಾಜರ್ಸ್ ತಳಿಯಿಂದ ತಳಿಗೆ ಇದು ಬದಲಾಗುವುದನ್ನು ತೋರಿಸಿದರು. ಸಿ57 ಅನ್ನುವ ಕಪ್ಪು ಇಲಿ ಆಲ್ಕೋಹಾಲ್ ಬಾಟಲಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಡಿಬಿಎ ಅನ್ನುವ ಮಾಸಲು ಕಂದು ಇಲಿ ಅದನ್ನು ಬಿಟ್ಟು ನೀರು ಕುಡಿಯುತ್ತದೆ.

ಒಂದೇ ಕಡೆಯಿಂದ ರೇಷ್ಮೆ ಹುಳದ ಮೊಟ್ಟೆ ತಂದರೂ ಒಬ್ಬರ ಮನೇಲಿ ಗೂಡು ಚೆನ್ನಾಗಿ ಬರುತ್ತೆ, ಪಕ್ಕದ ಮನೇಲಿ ಕೈಕೊಡುತ್ತೆ. ಇಲಿಗಳಲ್ಲೂ ಹಾಗೇ ಆಯಿತು. 1999ರಲ್ಲಿ ಮೂರು ಲ್ಯಾಬುಗಳು ಒಂದೇ ತಳಿಗಳನ್ನು ಒಂದೇ ರೀತಿ ಪರೀಕ್ಷಿಸಿದಾಗ ಹಲವು ನಡವಳಿಕೆಗಳ ಫಲಿತಾಂಶ ಊರಿಗೊಂದು ಥರ ಬಂತು. ಆದರೆ ಕುಡಿತದ ವಿಷಯದಲ್ಲಿ ಮೂರೂ ಕಡೆ ತಳಿಗಳ ವ್ಯತ್ಯಾಸ ಗಟ್ಟಿಯಾಗಿ ನಿಂತಿತು. ಅಂದರೆ ಜೀನಿನ ಕೈ ಇಲ್ಲಿ ನಿಜವಾಗಿಯೂ ದೊಡ್ಡದು.

ಹಾಗಾದರೆ ದೊಡ್ಡಮ್ಮನೇ ಗೆದ್ದರಾ? ಇಲ್ಲ, ವಯಸ್ಸಿನ ಲೆಕ್ಕ ಬಾಕಿ ಇದೆ.

ಬಿಳಿ ಇಲಿಗೆ ಹುಟ್ಟಿ ಸುಮಾರು 28ರಿಂದ 42 ದಿನ ಹರೆಯ. ಆ ವಯಸ್ಸಿನ ಇಲಿಗೂ ದೊಡ್ಡ ಇಲಿಗೂ ತೂಕಕ್ಕೆ ತಕ್ಕಂತೆ ಒಂದೇ ಅಳತೆಯ ಆಲ್ಕೋಹಾಲ್ ಕೊಟ್ಟು, ಮಂಪರು ಬಂದ ಮೇಲೆ ಅಂಗಾತ ಮಲಗಿಸುತ್ತಾರೆ. ಹರೆಯದ್ದು ಬೇಗ ಮಗ್ಗುಲು ತಿರುಗಿ ಎದ್ದುಬಿಡುತ್ತದೆ, ರಕ್ತದಲ್ಲಿ ಇನ್ನೂ ಜಾಸ್ತಿ ಆಲ್ಕೋಹಾಲ್ ಇದ್ದರೂ. ಸ್ವಲ್ಪವೇ ಕೊಟ್ಟರೆ ಜೊತೆಗಾರರ ಜೊತೆ ಇನ್ನಷ್ಟು ಬೆರೆಯುತ್ತದೆ. ‘ಸಾಕು’ ಅನ್ನಿಸುವ ಎಚ್ಚರಿಕೆ ತಡವಾಗಿ ಬರುತ್ತದೆ, ಖುಷಿ ಮಾತ್ರ ಬೇಗ. ಎಂಥ ಅಪಾಯದ ವಯಸ್ಸು ಅಲ್ವಾ?

ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡೋಕೆ ಕೂತಾಗ ದೊಡ್ಡಮ್ಮ ಯಾರಿಗೂ ತಟ್ಟೆ ಮುಟ್ಟೋಕೆ ಬಿಡಲ್ಲ. ಆಗ ಆದ ಪೆಟ್ಟು ಗೂಡಿನಲ್ಲಿ ಕಾಣುತ್ತೆ. ಇಲಿಯಲ್ಲೂ ಅಷ್ಟೆ. ಹರೆಯದಲ್ಲಿ ಬಿಟ್ಟು ಬಿಟ್ಟು ಆಲ್ಕೋಹಾಲ್ ಕೊಟ್ಟ ಇಲಿಗಳು ದೊಡ್ಡವಾದ ಮೇಲೆ ಜಾಸ್ತಿ ಆತಂಕಪಡುತ್ತವೆ, ಜಾಸ್ತಿ ಕುಡಿಯುತ್ತವೆ. ಭಯವನ್ನು ನೋಡಿಕೊಳ್ಳುವ ಮೆದುಳಿನ ಭಾಗದಲ್ಲಿ ‘ಆರ್ಕ್’ ಅನ್ನುವ ಜೀನಿನ ಕೆಲಸ ಕುಗ್ಗಿರುತ್ತದೆ. ಜೀನ್ ಕೆಟ್ಟಿಲ್ಲ, ಅದಕ್ಕೆ ಬೀಗ ಬಿದ್ದಿದೆ. 2022ರಲ್ಲಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು ಆ ಬೀಗವನ್ನೇ ತಿದ್ದಿದರು. ಆತಂಕವೂ ಇಳಿಯಿತು, ಕುಡಿತವೂ ಇಳಿಯಿತು. ಇಲಿಯಲ್ಲಿ ಮಾತ್ರ, ಮನುಷ್ಯರಿಗೆ ಇದು ಇನ್ನೂ ಬಂದಿಲ್ಲ. ಆದರೂ ಇದನ್ನು ಓದಿದ ದಿನ ನನಗೆ ತುಂಬಾ ಸಮಾಧಾನವಾಯಿತು.

ಅವಳಿ ಮಕ್ಕಳ ಅಧ್ಯಯನಗಳೂ ಇದಕ್ಕೆ ಜೊತೆಯಾಗುತ್ತವೆ. ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಜೀನಿನ ಪಾಲು ಸುಮಾರು ಅರ್ಧ. ಆದರೆ ಹರೆಯದಲ್ಲಿ ಮೊದಲ ಗುಟುಕು ಕುಡಿಯುವುದಕ್ಕೆ ಮನೆ, ಗೆಳೆಯರು, ಊರಿನ ಪಾಲೇ ದೊಡ್ಡದು. ಜೀನಿನ ಪಾಲು ವಯಸ್ಸಾದಂತೆ ಬೆಳೆಯುತ್ತದೆ.

ಇದನ್ನೆಲ್ಲ ಆ ಹುಡುಗನಿಗೂ ಹೇಳಿದೆ. ನಿನ್ನ ಗೆಳೆಯರಿಗಿಂತ ನಿನಗೆ ಅಪಾಯ ಜಾಸ್ತಿ ಇರಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ನಂಗೆ ಎಷ್ಟು ಪಾಲು ಬಂದಿದೆ ಅಣ್ಣ?"

ಅದನ್ನು ಹೇಳುವ ರಕ್ತ ಪರೀಕ್ಷೆ ಯಾವುದೂ ಇಲ್ಲ ಅಂದೆ. ಒಂದು ಜೀನ್ ಅಲ್ಲ, ನೂರಾರು ಜೀನು, ಒಂದೊಂದರದ್ದೂ ಚೂರು ಚೂರು. ಅವನು ತಲೆಯಾಡಿಸಿದ. ನಾಲ್ಕನೇ ಜ್ವರ ಎದ್ದ ಹುಳ ಕಾಯುತ್ತಿತ್ತು. ಇಬ್ಬರೂ ಸೊಪ್ಪು ಹಾಕೋಕೆ ಒಳಗೆ ಹೋದೆವು.